ಖಂಡೇ ಪೂಜೆಗೆ ಹೊಳೆದ ಶಾಪು ದೀಪಾವಳಿಗೆ ಮತ್ತೆ ಯಾಕೆ ಹಾಗೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ನಾಲ್ಕು ಲೇಥ್, ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್), ಒಂದೊಂದು ಮಿಲ್ಲಿಂಗ್ ಮತ್ತು ಡ್ರಿಲ್ಲಿಂಗ್ ಮಷೀನ್, ಮೂಲೆಯಲ್ಲಿ ಗ್ರೈಂಡರ್ ಮತ್ತು ವೆಲ್ಡಿಂಗ್. ಎರಡು ಶಿಫ್ಟ್ ಸೇರಿ 18 ಜನ. ಪ್ರತಿ ವರ್ಷ ಖಂಡೇ ಪೂಜೆಗೆ (ದಸರೆಯ ಆಯುಧ ಪೂಜೆಗೆ) ಎರಡು ದಿನ ಕೆಲಸ ನಿಲ್ಲಿಸಿ ಇಡೀ ಶಾಪ್ ತೊಳೆದು ನೆಲಕ್ಕೆ ಬಣ್ಣ ಹೊಡೆಯುತ್ತೇವೆ. ದೀಪಾವಳಿ ಬರುವಷ್ಟರಲ್ಲಿ ಮತ್ತೆ ಮೊದಲಿನ ಹಾಗೇ. ಕಳೆದ ತಿಂಗಳು ಒಬ್ಬ ಹೆಲ್ಪರ್ ಕೂಲೆಂಟ್ (ಕತ್ತರಿಸುವ ಟೂಲನ್ನು ತಂಪಾಗಿಡುವ ಎಣ್ಣೆ ಬೆರೆತ ನೀರು) ಮೇಲೆ ಕಾಲಿಟ್ಟು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಈಗ ನಾವು ಮಾಲು ಕೊಡುವ ಕಂಪನಿಯವರು ಆಡಿಟ್‌ಗೆ ಬರುತ್ತೇವೆ ಎಂದಿದ್ದಾರೆ. 5ಎಸ್ (ಕೆಲಸದ ಜಾಗವನ್ನು ಚೊಕ್ಕಟವಾಗಿ, ಅಚ್ಚುಕಟ್ಟಾಗಿ ಇಡುವ ಪದ್ಧತಿ) ಬೋರ್ಡು ತರಿಸಿ ಗೋಡೆಗೆ ಹಾಕಿದ್ದಾಯಿತು. ಹುಡುಗರಿಗೆ ಶಿಸ್ತೇ ಇಲ್ಲ ಸರ್. ದಂಡ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ದಂಡ ಬೇಡ. ಕಾನೂನಿನ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಮಾಲೀಕರು ತಮಗೆ ತೋಚಿದಂತೆ ಪಗಾರದಲ್ಲಿ ದಂಡ ಹಿಡಿದುಕೊಳ್ಳುವಂತಿಲ್ಲ. ಯಾವ ತಪ್ಪಿಗೆ ದಂಡ ಎಂಬುದಕ್ಕೆ ಸರ್ಕಾರದ ಒಪ್ಪಿಗೆ ಪಡೆದು ಮೊದಲೇ ನೋಟಿಸ್ ಹಾಕಿರಬೇಕು, ಕೆಲಸಗಾರ ತನ್ನ ಮಾತು ಹೇಳಲು ಅವಕಾಶ ಕೊಡಬೇಕು, ದಂಡದ ಮೊತ್ತ ಆ ಅವಧಿಯ ಪಗಾರದ ಶೇ. 3ನ್ನು ದಾಟಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಮಿತಿ 2019ರ ವೇತನ ಸಂಹಿತೆಯಲ್ಲೂ ಮುಂದುವರಿದಿದೆ. ಆದರೆ ನಾನು ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಬೇರೆ. ದಂಡ ಶುರುವಾದ ಶಾಪಿನಲ್ಲೂ ಎಣ್ಣೆ ಚೆಲ್ಲುತ್ತಲೇ ಇರುತ್ತದೆ. ಚೆಲ್ಲಿದೆ ಎಂದು ಬಂದು ಹೇಳುವವರು ಮಾತ್ರ ಇಲ್ಲವಾಗುತ್ತಾರೆ. ನಿಮಗೆ ಈಗ ಎಲ್ಲಕ್ಕಿಂತ ಬೇಕಾದದ್ದು ಅಂಥ ಬಾಯಿಗಳು.

ನಿಮ್ಮ ಹುಡುಗರು ಖಂಡೇ ಪೂಜೆಗೆ ಎರಡು ದಿನ ಮೈಮುರಿದು ಶಾಪ್ ತೊಳೆಯುತ್ತಾರೆ. ಮಷೀನಿಗೆ ಕುಂಕುಮ ಹಚ್ಚಿ, ಹೂವೇರಿಸಿ, ಕೈಮುಗಿಯುತ್ತಾರೆ. ಅಂಥವರಿಗೆ ಶಿಸ್ತಿಲ್ಲ ಎಂದರೆ ನಾನು ಒಪ್ಪಲಾರೆ. ಆ ಎರಡು ದಿನದಲ್ಲಿ ಕೊಳೆ ಹೋಗುತ್ತದೆ, ಕೊಳೆ ಬರುವ ದಾರಿ ಹಾಗೇ ಉಳಿಯುತ್ತದೆ. ಸೋರುವ ಕಡೆ ಮೂರನೇ ದಿನವೂ ಸೋರುತ್ತದೆ. ಸ್ಪ್ಯಾನರಿಗೆ ಒಂದು ಗೂಡಿಲ್ಲ, ಆದ್ದರಿಂದ ಅದು ಮತ್ತೆ ಲೇಥಿನ ಬೆಡ್ ಮೇಲೆ ಕೂರುತ್ತದೆ. ಗುಡಿಸುವುದಕ್ಕೆ ಶಿಫ್ಟಿನಲ್ಲಿ ಸಮಯ ಇಟ್ಟಿಲ್ಲ, ಆದ್ದರಿಂದ ಯಾರೂ ಗುಡಿಸುವುದಿಲ್ಲ. ಈ ಮೂರೂ ಹೆಲ್ಪರನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿವೆ.

ಕೂಲೆಂಟಿನಿಂದಲೇ ಶುರು ಮಾಡಿ, ಏಕೆಂದರೆ ಒಬ್ಬನ ಕೈ ಮುರಿದದ್ದು ಅದರಿಂದ. ಒಂದು ಸಿಎನ್‌ಸಿ ಆರಿಸಿಕೊಳ್ಳಿ. ಶಿಫ್ಟ್ ಶುರುವಾಗುವ ಮೊದಲು ಅದರ ಸುತ್ತಲಿನ ನೆಲವನ್ನು ಜಿಡ್ಡು ಹೋಗುವಂತೆ ತೊಳೆದು ಒಣಗಿಸಿ, ಸುತ್ತಲೂ ಹಳೆ ನ್ಯೂಸ್‌ಪೇಪರ್ ಹಾಸಿ, ಜರುಗದಂತೆ ಅಂಚಿಗೆ ಟೇಪ್ ಹಚ್ಚಿ. ಆಮೇಲೆ ಕೆಲಸ ಎಂದಿನಂತೆ ನಡೆಯಲಿ. ಗಂಟೆಗೊಮ್ಮೆ ನೀವೇ ಹೋಗಿ ನೋಡಿ, ಒದ್ದೆಯಾದ ಕಡೆ ಪೆನ್ನಿನಿಂದ ಸುತ್ತುಹಾಕಿ ಸಮಯ ಬರೆಯಿರಿ. ಸೂಪರ್‌ವೈಸರನನ್ನು ಕಳಿಸಬೇಡಿ, ನೀವೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಆ ಪೇಪರ್ ನಿಮಗೆ ಬೇಕಾದ ಉತ್ತರವನ್ನೆಲ್ಲ ಕೊಟ್ಟಿರುತ್ತದೆ.

ನಾನು ನೋಡಿದ ಶಾಪುಗಳಲ್ಲಿ ಒದ್ದೆ ಮೊದಲು ಕಾಣಿಸುವುದು ಮಷೀನಿನ ಬಾಗಿಲಿನ ಕೆಳ ಅಂಚಿನಲ್ಲಿ. ರಬ್ಬರ್ ಸೀಲ್ ಸವೆದಿರುತ್ತದೆ, ಇಲ್ಲವೇ ನಾಝಲ್ ತಿರುಗಿ ಕೂಲೆಂಟ್ ಟೂಲಿನ ಮೇಲೆ ಬೀಳುವ ಬದಲು, ತಯಾರಾಗುವ ಬಿಡಿಭಾಗವನ್ನು (ಜಾಬ್) ಹಿಡಿದು ತಿರುಗಿಸುವ ಚಕ್ಕಿಗೆ ಬಡಿದು ಸಿಡಿಯುತ್ತಿರುತ್ತದೆ. ನಾಝಲ್ ಸರಿಯಾಗಿ ತಿರುಗಿಸಲು ಕಾಸು ಬೇಕಿಲ್ಲ. ಎರಡನೆಯದು, ಜಾಬ್ ತೆಗೆಯುವ ಜಾಗ. ಆಪರೇಟರ್ ಒದ್ದೆ ಜಾಬ್ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ದೂರದ ಟೇಬಲ್ಲಿಗೆ ಒಯ್ಯುತ್ತಾನೆ, ಆ ಎರಡು ಹೆಜ್ಜೆಯುದ್ದಕ್ಕೂ ಹನಿ ಬೀಳುತ್ತದೆ. ಟೇಬಲ್ಲನ್ನು ಬಾಗಿಲಿಗೆ ತಾಗಿಸಿ ಇಡಿ, ನಡುವೆ ಒಂದು ತಗಡಿನ ಟ್ರೇ ಕೂರಿಸಿ, ಟ್ರೇ ಮಷೀನಿನ ಕಡೆಗೆ ಸ್ವಲ್ಪ ವಾಲಿರಲಿ. ಹನಿ ತಾನಾಗಿ ಒಳಗೆ ಹೋಗುತ್ತದೆ. ಮೂರನೆಯದು ಚಿಪ್ಸ್, ಅಂದರೆ ಕತ್ತರಿಸಿ ಬಿದ್ದ ಲೋಹದ ಚೂರು, ಒಯ್ಯುವ ಟ್ರಾಲಿ, ಮತ್ತು ಹೆಚ್ಚು ಹಾಳು ಮಾಡುವುದು ಇದೇ. ಒದ್ದೆ ಚಿಪ್ಸ್ ತುಂಬಿದ ತೂತು ಬಿದ್ದ ಟ್ರಾಲಿಯನ್ನು ಮಷೀನಿನಿಂದ ಹಿತ್ತಲಿನ ಸ್ಕ್ರ್ಯಾಪ್ ರಾಶಿಯವರೆಗೆ ಎಳೆದರೆ ಇಡೀ ಹಾದಿಗೆ ಎಣ್ಣೆಯ ಗೆರೆ ಎಳೆದಂತೆ. ಅದಕ್ಕೆ ಎರಡು ತಳದ ಟ್ರಾಲಿ ಮಾಡಿಸಿ: ಮೇಲೆ ಜಾಲರಿ, ಕೆಳಗೆ ನಲ್ಲಿ ಇಟ್ಟ ತೊಟ್ಟಿ. ಚಿಪ್ಸ್ ಮಷೀನಿನ ಪಕ್ಕದಲ್ಲೇ ಒಂದು ಶಿಫ್ಟ್ ಸೋಸಲಿ, ಕೆಳಗೆ ಕೂಡಿದ ಕೂಲೆಂಟನ್ನು ಶೋಧಿಸಿ ಮಷೀನಿನ ಕೂಲೆಂಟ್ ತೊಟ್ಟಿಗೆ (ಸಂಪ್) ಹಾಕಿ. ಉದ್ಯಮಬಾಗದಲ್ಲಿ ಇಂಥದ್ದನ್ನು ಮಾಡಿಕೊಡುವ ಫ್ಯಾಬ್ರಿಕೇಶನ್ ಅಂಗಡಿ ಹುಡುಕಬೇಕಾಗಿಲ್ಲ. ಚೆಲ್ಲಿ ಹೋಗುತ್ತಿದ್ದ ಕೂಲೆಂಟಿನ ದುಡ್ಡೇ ಅದರ ಖರ್ಚು ತೀರಿಸುತ್ತದೆ.

ಇಲ್ಲಿ ನಿಮಗೆ ಬೇಸರ ತರುವ ಒಂದು ಮಾತು ಹೇಳಬೇಕು. ಪ್ರತಿ ವರ್ಷ ನೆಲಕ್ಕೆ ಹೊಡೆಯುವ ಆ ಹೊಳೆಯುವ ಬಣ್ಣವೇ ಜಾರುವುದನ್ನು ಹೆಚ್ಚಿಸುತ್ತಿದೆ. ಒರಟಾದ ಸಿಮೆಂಟ್ ನೆಲದ ಮೇಲೆ ಎಣ್ಣೆ ಬಿದ್ದರೂ ಬೂಟಿಗೆ ಒಂದಿಷ್ಟು ಹಿಡಿತ ಸಿಗುತ್ತದೆ. ನುಣುಪು ಇನಾಮೆಲ್ ಬಣ್ಣದ ಮೇಲೆ ತೆಳ್ಳಗೆ ಕೂಲೆಂಟ್ ಹರಡಿದರೆ ಹಿಡಿತವೇ ಇಲ್ಲ. ಮುಂದಿನ ಸಲ ಬಣ್ಣ ಹೊಡೆಯುವುದಾದರೆ ಎಪಾಕ್ಸಿ ಹಾಕಿಸಿ, ಹಸಿ ಇರುವಾಗಲೇ ಮೇಲೆ ಸಣ್ಣ ಕ್ವಾರ್ಟ್ಜ್ ಮರಳು ಉದುರಿಸಲು ಹೇಳಿ. ನೋಡಲು ಅಷ್ಟು ಚೆಂದ ಕಾಣುವುದಿಲ್ಲ, ಆದರೆ ಜನ ಬೀಳುವುದಿಲ್ಲ. ಹಳದಿ ಗೆರೆ ಎಳೆಸುವುದು ಒಳ್ಳೆಯದೇ, ಆದರೆ ಗೆರೆಯ ಒಳಗೆ ನಡೆಯುವ ದಾರಿ ನಿಜವಾಗಿ ಖಾಲಿ ಇರುತ್ತದೆ ಎಂದಾದರೆ ಮಾತ್ರ ಎಳೆಸಿ. ಮಾಲೀಕರ ಬೈಕೇ ಆ ಗೆರೆಯ ಮೇಲೆ ನಿಂತಿರುವ ಶಾಪುಗಳಿವೆ. ಆಮೇಲೆ ಅಲ್ಲಿ ಯಾರಿಗೆ ಏನು ಹೇಳಿದರೂ ನಾಟುವುದಿಲ್ಲ.

ಚೆಲ್ಲಿದ್ದಕ್ಕೆ ಮರದ ಹೊಟ್ಟು ಹಾಕುವ ರೂಢಿ ನಿಮ್ಮಲ್ಲೂ ಇರಬಹುದು. ಹಾಕುವುದು ತಪ್ಪಲ್ಲ, ಹಾಕಿ ಹಾಗೇ ಬಿಡುವುದು ತಪ್ಪು. ಎಣ್ಣೆ ಕುಡಿದ ಹೊಟ್ಟಿಗೆ ಗ್ರೈಂಡರಿನ ಒಂದು ಕಿಡಿ ಸಾಕು. ಎಣ್ಣೆ ಒರೆಸುವ ಬನಿಯನ್ ವೇಸ್ಟಿಗೂ ಇದೇ ಮಾತು. ಹೊಟ್ಟಿನ ಬದಲು ಒಣ ಮರಳು ಬಳಸಿ, ಕೂಡಲೇ ಬಳಿದು ತೆಗೆಯಿರಿ. ಎಣ್ಣೆ ಬಟ್ಟೆಗೆ ಮುಚ್ಚಳವಿರುವ ತಗಡಿನ ಡಬ್ಬಿ ಇಟ್ಟು, ಪ್ರತಿ ಸಂಜೆ ಶಾಪಿನಿಂದ ಹೊರಗೆ ಖಾಲಿ ಮಾಡಿ. ಪೇಂಟ್ ಕೆಲಸಕ್ಕೆ ಅಗಸೆ ಎಣ್ಣೆ ಬಳಸುತ್ತಿದ್ದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ನೆನೆದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಕಿಡಿಯೇ ಇಲ್ಲದೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ.

ಸೋಮವಾರ ಬೆಳಿಗ್ಗೆ ಶಟರ್ ಎತ್ತಿದಾಗ ಕೊಳೆತ ವಾಸನೆ ಬರುತ್ತದೆಯೇ? ಭಾನುವಾರ ಪಂಪ್ ನಿಂತಾಗ ಮಷೀನಿನ ಜಾರುಹಳಿಗಳಿಗೆ (ಸ್ಲೈಡ್‌ವೇ) ಹಾಕುವ ಎಣ್ಣೆ ಸಂಪಿನ ಮೇಲೆ ಪದರವಾಗಿ ತೇಲಿ ಗಾಳಿ ತಡೆಯುತ್ತದೆ, ಕೆಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ವಾಸನೆ ಅದರದ್ದು. ಅಂಥ ಕೂಲೆಂಟಿನಲ್ಲಿ ದಿನವಿಡೀ ಕೈ ಅದ್ದುವವನ ಬೆರಳ ಸಂದಿ ಕೆಂಪಾಗಿ ಬಿರಿಯುತ್ತದೆ. ತೇಲುವ ಎಣ್ಣೆಯನ್ನು ಶನಿವಾರವೇ ತೆಗೆಯಿರಿ. ನೀರಿನಲ್ಲಿ ಕೂಲೆಂಟ್ ಎಣ್ಣೆ ಎಷ್ಟು ಬೆರೆತಿದೆ ಎಂಬುದನ್ನು ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ. ಸಾಮಾನ್ಯ ಟರ್ನಿಂಗ್ ಕೆಲಸಕ್ಕೆ ಶೇ. 5ರಿಂದ 8ರ ಸುಮಾರಿಗೆ ಇರುತ್ತದೆ, ನಿಮ್ಮ ಡಬ್ಬಿಯ ಮೇಲೆ ಬರೆದದ್ದನ್ನೇ ಪಾಲಿಸಿ. ಸಂಜೆ ಸೀಮೆಎಣ್ಣೆಯಲ್ಲೋ ಥಿನ್ನರಿನಲ್ಲೋ ಕೈ ತೊಳೆಯುವುದನ್ನು ನಿಲ್ಲಿಸಿ. ಅದು ಜಿಡ್ಡಿನ ಜೊತೆ ಚರ್ಮದ ಸ್ವಂತ ಎಣ್ಣೆಯನ್ನೂ ಒಯ್ಯುತ್ತದೆ. ಒಳ್ಳೆಯ ಹ್ಯಾಂಡ್ ಕ್ಲೀನರ್ ಡಬ್ಬಿಯೊಂದನ್ನು ನಲ್ಲಿಯ ಹತ್ತಿರ ಇಡುವುದು ಮಾಲೀಕರ ಜವಾಬ್ದಾರಿ.

ಸ್ವಚ್ಛ ಮಾಡುವ ರೀತಿಯಿಂದಲೇ ಆಗುವ ಗಾಯವೂ ಇದೆ. ಏರ್ ಗನ್ ಹಿಡಿದು ಚಿಪ್ಸ್ ಊದುವುದು, ಶಿಫ್ಟ್ ಮುಗಿದ ಮೇಲೆ ಅದರಿಂದಲೇ ಅಂಗಿ, ತಲೆ ಊದಿಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ. ಶಾಪಿನ ಲೈನಿನಲ್ಲಿ 6-7 ಬಾರ್ ಒತ್ತಡ ಇರುತ್ತದೆ, ಅಂದರೆ ಸುಮಾರು 90-100 ಪಿಎಸ್‌ಐ. ಅಮೆರಿಕದ ನಿಯಮದಲ್ಲಿ ಸ್ವಚ್ಛತೆಗೆ ಬಳಸುವ ಗಾಳಿ 30 ಪಿಎಸ್‌ಐಗಿಂತ ಕಡಿಮೆ ಇರಬೇಕು, ಅದೂ ಚಿಪ್ಸ್ ಸಿಡಿಯದಂತೆ ಅಡ್ಡ ಮರೆ ಮತ್ತು ಕನ್ನಡಕ ಇದ್ದರೆ ಮಾತ್ರ. ಮೈಮೇಲೆ ಊದಿಕೊಳ್ಳುವುದಂತೂ ಕೂಡದೇ ಕೂಡದು. ಗಾಯದ ಮೂಲಕ ಗಾಳಿ ಚರ್ಮದೊಳಗೆ ನುಗ್ಗಿದರೆ ಪ್ರಾಣಕ್ಕೇ ಕುತ್ತು. ಊದಿದ ಚಿಪ್ಸ್ ಸ್ಲೈಡ್‌ವೇ ಒಳಗೆ ಸೇರಿ ಮಷೀನನ್ನೂ ತಿನ್ನುತ್ತದೆ. ಬ್ರಶ್, ಉದ್ದ ಹಿಡಿಕೆಯ ಕೊಕ್ಕೆ, ಕೈ ಸಲಿಕೆ ಇವಿಷ್ಟನ್ನು ಪ್ರತಿ ಮಷೀನಿಗೆ ಒಂದೊಂದು ಸೆಟ್ ಕೊಡಿ. ಸುರುಳಿ ಚಿಪ್ಸನ್ನು ಮಷೀನ್ ನಿಂತ ಮೇಲೆ ಕೊಕ್ಕೆಯಿಂದಲೇ ಎಳೆಯಬೇಕು. ತಿರುಗುವ ಲೇಥಿನ ಹತ್ತಿರ ಬಟ್ಟೆಯ ಗ್ಲೌಸ್ ಬೇಡ, ಅದು ಸಿಕ್ಕಿಕೊಂಡರೆ ಕೈಯನ್ನೂ ಒಳಗೆಳೆಯುತ್ತದೆ.

ಕಣ್ಣಿಗೆ ಕಣ ಹಾರಿದಾಗ ಪಕ್ಕದವನು ಕರ್ಚೀಫಿನ ತುದಿ ತಿರುವಿ ತೆಗೆಯಲು ನಿಲ್ಲುತ್ತಾನಲ್ಲ, ಅದನ್ನು ದಯವಿಟ್ಟು ನಿಮ್ಮ ಶಾಪಿನಲ್ಲಿ ಬಂದ್ ಮಾಡಿಸಿ. ಅವನ ಮನಸ್ಸು ಒಳ್ಳೆಯದೇ, ಆದರೆ ಕರಿಗುಡ್ಡೆಗೆ ನಾಟಿದ ಬಿಸಿ ಕಣವನ್ನು ಉಜ್ಜಿದರೆ ಗೀರಾಗಿ ಹುಣ್ಣಾಗುತ್ತದೆ, ಮಚ್ಚೆ ಉಳಿದು ದೃಷ್ಟಿ ಮಂಜಾಗುತ್ತದೆ. ಉಜ್ಜದೆ, ಕಣ್ಣು ಮುಚ್ಚಿಸಿ, ನೇರ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು ಒಬ್ಬ ಜೊತೆಗೆ ಹೋಗಬೇಕು. ಹೋಗಿ ಬರುವ ಸಮಯಕ್ಕೆ ಪಗಾರ ಕಡಿಯಬೇಡಿ. ಕಡಿದರೆ ಮುಂದಿನ ಸಲ ಮತ್ತೆ ಕರ್ಚೀಫೇ ಹೊರಗೆ ಬರುತ್ತದೆ.

ಇನ್ನು ಸಾಮಾನು ಜಾಗದಲ್ಲಿರುವ ವಿಷಯ. ಚಕ್ ಕೀಯನ್ನೇ ತೆಗೆದುಕೊಳ್ಳಿ. ಆಪರೇಟರ್ ಜಾಬ್ ಕಟ್ಟಿ ಬಿಗಿ ಮಾಡುತ್ತಾನೆ, ಅಷ್ಟರಲ್ಲಿ ಯಾರೋ ಕರೆಯುತ್ತಾರೆ, ಕೀ ಚಕ್ಕಿನಲ್ಲೇ ಉಳಿಯುತ್ತದೆ. ತಿರುಗಿ ಬಂದು ಲಿವರ್ ಎಳೆದ ಕ್ಷಣಕ್ಕೆ ಆ ಉಕ್ಕಿನ ತುಂಡು ಎಗರಿ ಹೋಗುತ್ತದೆ, ಯಾರ ಮುಖಕ್ಕೆ ಎಂದು ಹೇಳಲಾಗದು. ಇಂಥ ಕಡೆ ‘ಎಚ್ಚರವಾಗಿರಿ’ ಎಂದು ಬೋರ್ಡು ಬರೆಸುವುದರಿಂದ ಏನೂ ಆಗದು. ತುದಿಯಲ್ಲಿ ಸ್ಪ್ರಿಂಗ್ ಇರುವ ಚಕ್ ಕೀ ಬರುತ್ತದೆ, ಕೈ ಬಿಟ್ಟರೆ ತಾನಾಗಿ ಹೊರಗೆ ತಳ್ಳಿಸಿಕೊಂಡು ಬೀಳುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯ, ಲೇಥಿನ ಚಕ್ ಇರುವ ತಲೆಭಾಗದ (ಹೆಡ್‌ಸ್ಟಾಕ್) ಮೇಲೆ ಕೀಗೆ ಒಂದು ಗೂಡು ಮಾಡಿಸಿ, ಅದರೊಳಗೆ ಲಿಮಿಟ್ ಸ್ವಿಚ್ ಕೂರಿಸಿ, ಸ್ಟಾರ್ಟ್ ಸರ್ಕ್ಯೂಟಿಗೆ ಸೀರೀಸಿನಲ್ಲಿ ಜೋಡಿಸುವುದು. ಕೀ ಗೂಡಿನಲ್ಲಿ ಇಲ್ಲದಿದ್ದರೆ ಮಷೀನ್ ಶುರುವೇ ಆಗುವುದಿಲ್ಲ. ನಿಮ್ಮ ಎಲೆಕ್ಟ್ರಿಷಿಯನ್ ಇದನ್ನು ಮಾಡಬಲ್ಲ. ಒಂದನ್ನು ಮಾತ್ರ ಅವನಿಂದ ಖಾತ್ರಿ ಮಾಡಿಸಿಕೊಳ್ಳಿ: ಕೀ ಗೂಡಿಗೆ ಬಂದ ಕೂಡಲೇ ಮಷೀನ್ ತಾನಾಗಿ ತಿರುಗಬಾರದು, ಸ್ಟಾರ್ಟ್ ಬಟನ್ ಮತ್ತೆ ಒತ್ತಿದ ಮೇಲೆಯೇ ತಿರುಗಬೇಕು.

ಈ ಒಂದು ಕೀಗೆ ಮಾಡಿದ್ದನ್ನೇ ಉಳಿದ ಸಾಮಾನಿಗೂ ಮಾಡಿ. ಪ್ರತಿ ಮಷೀನಿನ ಪಕ್ಕ, ಆಪರೇಟರ್ ನಿಂತಲ್ಲಿಂದ ಕೈಗೆ ಎಟಕುವಂತೆ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಆ ಮಷೀನಿಗೆ ದಿನವೂ ಬೇಕಾದ ಸ್ಪ್ಯಾನರ್, ಎಲನ್ ಕೀ, ಬ್ರಶ್, ಕೊಕ್ಕೆ. ಒಂದೊಂದರ ಹಿಂದೆ ಅದರದೇ ಆಕಾರ ಬಣ್ಣದಲ್ಲಿ ಬರೆದಿರಲಿ. ಯಾವುದು ಇಲ್ಲ ಎಂದು ದೂರದಿಂದಲೇ ಕಾಣುತ್ತದೆ, ಎಣಿಸಬೇಕಿಲ್ಲ. ನಾಲ್ಕು ಲೇಥಿಗೆ ಒಂದೇ ಸೆಟ್ ಸ್ಪ್ಯಾನರ್ ಇದ್ದರೆ ಈ ಹಲಗೆ ಒಂದು ವಾರವೂ ಉಳಿಯುವುದಿಲ್ಲ. ಒಬ್ಬನ ಹಲಗೆಯಿಂದ ಇನ್ನೊಬ್ಬ ಒಯ್ಯುತ್ತಾನೆ, ಮೂರನೆಯವನು ತನ್ನದನ್ನು ಲಾಕರಿನಲ್ಲಿ ಬಚ್ಚಿಡುತ್ತಾನೆ. ಮೊದಲು ಸ್ಪ್ಯಾನರ್ ಕೊಳ್ಳಿ, ಆಮೇಲೆ ಹಲಗೆ.

ಹಲಗೆಗೂ ಟ್ರಾಲಿಗೂ ಜಾಗ ಎಲ್ಲಿ ಎಂದು ಕೇಳುತ್ತೀರಿ. ಗೋಡೆಯ ಬದಿಗೆ ಗೋಣಿ ಹೊದ್ದು ಕುಳಿತಿರುವ ಹಳೆ ಮೋಟಾರು, ರಿಜೆಕ್ಟ್ ಆದ ಜಾಬ್, ಯಾವುದೋ ಆರ್ಡರಿನ ಫಿಕ್ಸ್ಚರ್ ಇವನ್ನು ನೋಡಿ. ‘ಎಂದಾದರೂ ಬೇಕಾದೀತು’ ಎಂದು ಇಟ್ಟದ್ದು. ಅವುಗಳನ್ನು ಎಸೆಯುವ ಧೈರ್ಯ ಕೆಲಸಗಾರನಿಗೆ ಬರುವುದಿಲ್ಲ, ನಾಳೆ ನೀವು ಕೇಳಿದರೆ ಅವನೇ ಉತ್ತರ ಹೇಳಬೇಕಲ್ಲ. ಆದ್ದರಿಂದ ಒಂದು ಶನಿವಾರ ನೀವೇ ಕೆಂಪು ಚೀಟಿ, ಸುತಳಿ ಹಿಡಿದು ಸುತ್ತಿ. ಗೊತ್ತಿಲ್ಲದ್ದಕ್ಕೆ, ವರ್ಷದಿಂದ ಮುಟ್ಟದ್ದಕ್ಕೆ ದಿನಾಂಕ ಬರೆದು ಚೀಟಿ ಕಟ್ಟಿ. ತಿಂಗಳೊಳಗೆ ಯಾರೂ ಕೇಳದಿದ್ದರೆ ಗುಜರಿಗೆ ಹಾಕಿ. ಇದನ್ನು ಮಾಡಿದ ಶಾಪುಗಳಲ್ಲಿ ಎರಡನೇ ಬಾಗಿಲು ಮತ್ತೆ ತೆರೆದದ್ದನ್ನು ನಾನು ಕಂಡಿದ್ದೇನೆ. ಬೆಂಕಿ ಬಿದ್ದ ದಿನ ಜನ ಓಡಬೇಕಾದ ಬಾಗಿಲು ಅದು.

ಸಮಯದ ಮಾತು ಚಿಕ್ಕದು, ಆದರೆ ಇದನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ. ಪ್ರತಿ ಶಿಫ್ಟಿನ ಕೊನೆಯ ಹದಿನೈದು ನಿಮಿಷ ಮಷೀನ್ ನಿಲ್ಲಬೇಕು, ಪಗಾರ ನಡೆಯಬೇಕು. ಉತ್ಪಾದನೆಯ ಲೆಕ್ಕವನ್ನು ಆ ಹದಿನೈದು ನಿಮಿಷ ಕಳೆದೇ ಹಾಕಿ. ಟಾರ್ಗೆಟ್ ಪೂರ್ತಿ ಇಟ್ಟು ಸ್ವಚ್ಛವನ್ನೂ ಮಾಡು ಎಂದರೆ ಹುಡುಗ ಟಾರ್ಗೆಟ್ಟನ್ನೇ ಮಾಡುತ್ತಾನೆ, ನೀವು ಬೈಯುವುದು ಅದಕ್ಕಾಗಿ ಎಂದು ಅವನಿಗೆ ಗೊತ್ತು. ಯಾರು ಯಾವ ಜಾಗ ನೋಡಬೇಕು ಎಂಬುದು ಹೆಸರಿನ ಸಮೇತ ಗೋಡೆ ಮೇಲಿರಲಿ, ಅದರಲ್ಲಿ ನಿಮ್ಮ ಆಫೀಸ್ ಟೇಬಲ್ಲೂ ಇರಲಿ. ಒರೆಸುವವನೇ ಮಷೀನನ್ನು ಹತ್ತಿರದಿಂದ ನೋಡುವವನು. ಬಿರಿದ ಹೋಸ್, ಸಡಿಲ ನಟ್ಟು, ವೈರಿನ ಹರಿದ ಇನ್ಸುಲೇಷನ್ ಅವನ ಬೆರಳಿಗೇ ಮೊದಲು ಸಿಗುತ್ತವೆ. ಅದನ್ನು ಬರೆಯಲು ಒಂದು ಪುಸ್ತಕ ಇಡಿ, ಬರೆದದ್ದಕ್ಕೆ ಮರುದಿನವೇ ಏನಾದರೂ ಮಾಡಿ. ಎರಡು ಸಲ ಬರೆದು ಏನೂ ಆಗದಿದ್ದರೆ ಮೂರನೇ ಸಲ ಯಾರೂ ಬರೆಯುವುದಿಲ್ಲ.

ವೆಲ್ಡಿಂಗ್ ಮೂಲೆಗೆ ಬರೋಣ. ಕಪ್ಪು ಬಣ್ಣದ ಆಕ್ಸಿಜನ್, ಮರೂನ್ ಬಣ್ಣದ ಅಸೆಟಿಲಿನ್ ಸಿಲಿಂಡರುಗಳು ನೆಟ್ಟಗೆ ನಿಂತು ಸರಪಳಿಯಲ್ಲಿ ಬಿಗಿದಿರಬೇಕು. ಆಕ್ಸಿಜನ್ ವಾಲ್ವಿಗೆ ಎಣ್ಣೆ ಕೈ ಸೋಕಬಾರದು, ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಮಷೀನ್ ಶಾಪಿನಲ್ಲಿ ಎಲ್ಲರ ಕೈಯೂ ಎಣ್ಣೆಯೇ, ಆದ್ದರಿಂದ ಆ ವಾಲ್ವ್ ಮುಟ್ಟುವವರು ಇಂಥವರೇ ಎಂದು ಗೊತ್ತುಮಾಡಿ. ಕರೆಂಟ್ ಪ್ಯಾನಲ್ ಮುಂದೆ ಕನಿಷ್ಠ 1 ಮೀಟರ್ ಖಾಲಿ ಜಾಗ ಇರಬೇಕೆಂದು ವಿದ್ಯುತ್ ಸುರಕ್ಷತಾ ನಿಯಮವೇ ಹೇಳುತ್ತದೆ. ಹೆಚ್ಚಿನ ಕಡೆ ಅಲ್ಲೇ ಮಾಲಿನ ಕ್ರೇಟ್ ಇರುತ್ತದೆ. ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ, ಪ್ಯಾನಲ್ ಹತ್ತಿರ ಸಿಒ2 ಸಿಲಿಂಡರ್ ಇಡಿ. ಹಳೆ ಎಣ್ಣೆಯ ಡ್ರಮ್ಮನ್ನು ಗಟಾರಕ್ಕೆ ಸುರಿಯುವುದಾಗಲಿ, ಕಂಡವರಿಗೆ ಕೊಡುವುದಾಗಲಿ ಆಗದು. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಪರವಾನಗಿ ಇರುವ ಮರುಬಳಕೆದಾರರಿಗೇ ಕೊಡಬೇಕು.

ಗಾಯಗೊಂಡ ಹೆಲ್ಪರನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಅವನ ಹೆಸರು ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮೆಯಲ್ಲಿ) ಇದ್ದರೆ ಅಪಘಾತದ ವರದಿ ಹೋಗಿದೆಯೇ ಎಂದು ಇವತ್ತೇ ನೋಡಿ. ಹೋಗದಿದ್ದರೆ ಅವನಿಗೆ ಸಿಗಬೇಕಾದ ಅಶಕ್ತತೆಯ ಭತ್ಯೆ ತಡವಾಗುತ್ತದೆ. ನೆಲ ಜಾರದಂತೆ ಇಡಬೇಕು, ಅಡ್ಡಿ ಇರಬಾರದು ಎಂಬುದು 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮಿನಲ್ಲೇ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ವಿದ್ಯುತ್ ಬಳಸುವ ಕಡೆ 20 ಜನ ಇದ್ದರೆ ಮಾತ್ರ ಈಗ ಕಾರ್ಖಾನೆ ಎನ್ನುತ್ತಾರೆ, ನಿಮ್ಮಲ್ಲಿ ಇರುವುದು 18 ಜನ ಎಂದು ಯಾರಾದರೂ ನಿಮಗೆ ಸಮಾಧಾನ ಹೇಳಬಹುದು. 10 ಜನ ಇದ್ದರೂ ಅದು ಸಂಹಿತೆಯ ಲೆಕ್ಕದಲ್ಲಿ ಒಂದು ಸಂಸ್ಥೆಯೇ, ಕೆಲಸದ ಜಾಗವನ್ನು ಅಪಾಯವಿಲ್ಲದಂತೆ ಇಡುವ ಹೊಣೆ ಮಾಲೀಕರದ್ದೇ.

ಕೊನೆಗೆ ಆಡಿಟ್. 5ಎಸ್ ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದ ಪದ್ಧತಿ. ನಮ್ಮ ಕಡೆಯ ಎಷ್ಟೋ ಸಣ್ಣ ಶಾಪುಗಳಿಗೆ ಅದು ಬಂದದ್ದು ಹೀಗೇ, ಮಾಲು ಕೊಳ್ಳುವ ದೊಡ್ಡ ಕಂಪನಿ ಕೇಳಿದ್ದರಿಂದ. ಬೋರ್ಡು ಇದೆ ಎಂದು ಅಂಕ ಕೊಡುವ ಆಡಿಟರ್ ಈಗ ಕಡಿಮೆ. ಅನುಭವ ಇರುವವರು ನೇರ ಮಷೀನಿನ ಹಿಂಬದಿಗೆ ಹೋಗಿ ಬಗ್ಗಿ ನೋಡುತ್ತಾರೆ, ಒಬ್ಬ ಹೆಲ್ಪರನನ್ನು ಕರೆದು ‘ಎಣ್ಣೆ ಚೆಲ್ಲಿದರೆ ಏನು ಮಾಡ್ತೀಯಪ್ಪ?’ ಎಂದು ಕೇಳುತ್ತಾರೆ. ಆಡಿಟಿನ ಹಿಂದಿನ ರಾತ್ರಿ ಸಾಮಾನನ್ನೆಲ್ಲ ಟಾರ್ಪಾಲಿನ ಕೆಳಗೆ ತುಂಬಿಸಬೇಡಿ. ಸುತ್ತುಹಾಕಿದ ಆ ನ್ಯೂಸ್‌ಪೇಪರನ್ನೂ, ಅದರಿಂದ ಸರಿಮಾಡಿದ್ದನ್ನೂ, ಇನ್ನೂ ಬಾಕಿ ಇರುವುದನ್ನೂ ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಜಾರಿ ಬಿದ್ದ ಅಪಘಾತವನ್ನು ಅವರು ಕೇಳುವ ಮೊದಲು ನೀವೇ ಹೇಳಿ. ಇಷ್ಟನ್ನೂ ಒಟ್ಟಿಗೆ ಮಾಡಲು ಹೋಗಬೇಡಿ, ಆಡಿಟ್ ಹತ್ತಿರ ಇದ್ದರೆ ಒಂದು ಸಿಎನ್‌ಸಿ, ಒಂದು ಲೇಥ್ ಮತ್ತು ಪ್ಯಾನಲ್ ಮುಂದಿನ ಜಾಗ ಇವಿಷ್ಟನ್ನು ಪೂರ್ತಿ ಮುಗಿಸಿ. ಉಳಿದ ಮಷೀನುಗಳ ಆಪರೇಟರುಗಳು ‘ನಮಗೆ ಯಾವಾಗ ಟ್ರೇ ಕೊಡ್ತೀರಿ’ ಎಂದು ಕೇಳಿಕೊಂಡು ಬಂದರೆ ಆ ಕೇಳಿದವನ ಮಷೀನೇ ಮುಂದಿನದು.